ಬೇಟೆಯ ಮುಯ್ಯಿ

ಪಕ್ಕದ ಮನೆಯವರ ಗ್ಯಾರೇಜಿನಲ್ಲಿ ಒಂದು ದೊಡ್ಡ ಐಸ್ ಪೆಟ್ಟಿಗೆ ಇದೆ. ಬಿಳಿ ಬಣ್ಣದ್ದು. ಎರಡು ಮೂಟೆ ಅಕ್ಕಿ ಸುಲಭವಾಗಿ ಹಿಡಿಸುತ್ತದೆ. ಒಂದು ಕಡೆಯ ಹಿಡಿ ಮುರಿದು ಹೋಗಿ ಅಲ್ಲಿ ಹಸಿರು ಹಗ್ಗ ಕಟ್ಟಿದ್ದಾರೆ. ಎರಡು ಚಳಿಗಾಲದಿಂದ ಅದು ಸೈಕಲ್ಲುಗಳ ಹಿಂದೆ ಗೋಡೆಗೆ ಒರಗಿಕೊಂಡು ನಿಂತಿದೆ. ಸ್ನೋ ತೆಗೆಯುವ ಮಷೀನು ಕೇಳಲು ಹೋದಾಗಲೆಲ್ಲ ನನ್ನ ಕಣ್ಣು ಅದರ ಮೇಲೆ ಬೀಳುತ್ತದೆ. ಅವರ ಕಣ್ಣೂ ಬೀಳುತ್ತದೆ. ಇಬ್ಬರೂ ಹವಾಮಾನದ ಮಾತು ತೆಗೆಯುತ್ತೇವೆ. ಪೆಟ್ಟಿಗೆ ಅವರದ್ದಲ್ಲ. ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು ದೂರದ ಕೊಲೊರಾಡೊದಲ್ಲಿರುವ ಇನ್ನೊಬ್ಬರದ್ದು. ಅದು ಇಲ್ಲೇ ಉಳಿದುಹೋದದ್ದರಲ್ಲಿ ನನ್ನದೂ ಸ್ವಲ್ಪ ಕೈ ಇದೆ. ಅದಕ್ಕೇ ಈ ಬರಹ.

ನಾನು ಬೇಟೆಗಾರನಲ್ಲ. ಕೋವಿ ಹಿಡಿದವನೂ ಅಲ್ಲ. ಕೊಪ್ಪದ ಕಡೆಯವನು, ಹನ್ನೆರಡು ವರ್ಷದಿಂದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಹತ್ತಿರ ಇದ್ದೇನೆ, ಕಂಪ್ಯೂಟರ್ ಕೆಲಸ. ಪಕ್ಕದ ಮನೆಯವರನ್ನು ನನ್ನ ಮಕ್ಕಳು ಚಿಕ್ಕಂದಿನಿಂದ ‘ಬೇಲಿ ಅಂಕಲ್’ ಅನ್ನುತ್ತಾರೆ. ಮೊದಲ ಸಲ ಬೇಲಿಯ ಮೇಲಿಂದ ಇಣುಕಿ ಮಾತಾಡಿಸಿದ್ದಕ್ಕೆ ಬಂದ ಹೆಸರು. ಈ ಬರಹದಲ್ಲೂ ಅವರು ಬೇಲಿ ಅಂಕಲ್ಲೇ ಆಗಿರಲಿ. ಕೊಲೊರಾಡೊದವರಿಗೆ ನನ್ನ ಹೆಂಡತಿ ಇಟ್ಟ ಹೆಸರು ‘ಮೀಸೆಯವರು’. ಅದು ಯಾಕೆ ಅಂತ ಹೇಳಬೇಕಾಗಿಲ್ಲ.

ನೀವಿಲ್ಲಿಗೆ ಬನ್ನಿ, ನಾನಲ್ಲಿಗೆ ಬರ್ತೀನಿ

ಇಲ್ಲಿನ ಬೇಟೆಗಾರರಲ್ಲಿ ಒಂದು ಪದ್ಧತಿ ಇದೆ. ಬೇಟೆಯನ್ನೇ ಅದಲು ಬದಲು ಮಾಡಿಕೊಳ್ಳುವುದು. ನಮ್ಮ ಕಡೆ ಜಿಂಕೆ ಚೆನ್ನಾಗಿದೆ, ನಿಮ್ಮ ಕಡೆ ಎಲ್ಕ್ (ಕಡವೆಯಂಥ ದೊಡ್ಡ ಜಿಂಕೆ) ಇದೆ. ಈ ವರ್ಷ ನೀವು ನನ್ನನ್ನು ನಿಮ್ಮ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ನವೆಂಬರಿನಲ್ಲಿ ನಾನು ನಿಮ್ಮನ್ನು ನಮ್ಮ ಕಾಡಿನಲ್ಲಿ ಕೂರಿಸುತ್ತೇನೆ. ಊಟ, ಮಲಗುವ ಜಾಗ, ದಾರಿ ತೋರಿಸುವುದು, ಹೊಡೆದದ್ದನ್ನು ಹೊತ್ತು ತರುವುದು ಎಲ್ಲ ಮನೆಯವರ ಜವಾಬ್ದಾರಿ. ಲೈಸೆನ್ಸಿನ ದುಡ್ಡು ಮಾತ್ರ ಅವರವರದ್ದು. ಕಾಗದ ಪತ್ರ ಏನಿಲ್ಲ, ಎಲ್ಲ ಬಾಯಿ ಮಾತು.

ಯಾಕೆ ಹೀಗೆ ಅಂದರೆ, ದುಡ್ಡು ಕೊಟ್ಟು ಹೋಗುವುದು ಸಂಬಳದ ಜನಕ್ಕೆ ಆಗುವ ಮಾತಲ್ಲ. ಕೊಲೊರಾಡೊದಲ್ಲಿ ಎಲ್ಕ್ ಎರಡೂವರೆ ಲಕ್ಷಕ್ಕೂ ಹೆಚ್ಚಿವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಅಷ್ಟಿಲ್ಲ. ಆದರೆ ಹೊರ ರಾಜ್ಯದವರಿಗೆ ಗಂಡು ಎಲ್ಕ್‌ನ ಲೈಸೆನ್ಸೇ 800 ಡಾಲರ್ ಆಸುಪಾಸು. ಅಲ್ಲಿನವರು ಕೊಡುವುದು ಅದರ ಹತ್ತನೇ ಒಂದು ಪಾಲೂ ಅಲ್ಲ. ಅದರ ಮೇಲೆ ಕುದುರೆ, ಟೆಂಟು, ಗೈಡು ಅಂತ ವೃತ್ತಿಯವರ ಹತ್ತಿರ ಹೋದರೆ ವಾರಕ್ಕೆ ಆರೇಳು ಸಾವಿರ ಡಾಲರ್ ಕೈಬಿಡುತ್ತದೆ. ಗೈಡ್ ಇಲ್ಲದೆ ಸುಮ್ನೆ ಹೋದರೆ? ಬೆಟ್ಟ ಹತ್ತಿ ಇಳಿದು ಬರಬಹುದು ಅಷ್ಟೇ. ಅಲ್ಲಿನ ಲೆಕ್ಕದಲ್ಲಿ ಐದು ಜನರಲ್ಲಿ ಒಬ್ಬರಿಗೆ ಎಲ್ಕ್ ಸಿಕ್ಕರೆ ಅದೇ ಪುಣ್ಯ.

ಬೇಲಿ ಅಂಕಲ್‌ಗೆ ವರ್ನನ್ ಕೌಂಟಿಯಲ್ಲಿ ಅಪ್ಪನ ಕಾಲದ 80 ಎಕರೆ ಇದೆ. ನೈರುತ್ಯ ವಿಸ್ಕಾನ್ಸಿನ್‌ನ ಆ ಭಾಗಕ್ಕೆ ಹಿಮಯುಗದ ಹಿಮನದಿಗಳು ಹರಿದು ಬರಲಿಲ್ಲವಂತೆ. ಹಾಗಾಗಿ ರಾಜ್ಯದ ಉಳಿದ ಕಡೆಯ ಹಾಗೆ ನೆಲ ಸಪಾಟಾಗಿಲ್ಲ. ಗುಡ್ಡ, ಕಣಿವೆ, ಕಣಿವೆಯಲ್ಲಿ ಹಳ್ಳ. ಮೊದಲ ಸಲ ನೋಡಿದಾಗ ನನಗೆ ಊರೇ ನೆನಪಾಯಿತು. ಅಡಿಕೆ ಮರ ಇಲ್ಲ ಅನ್ನೋದೊಂದು ಬಿಟ್ಟರೆ. ಬಿಳಿಬಾಲದ ಜಿಂಕೆ ಅಲ್ಲಿ ಎಷ್ಟಿವೆಯೆಂದರೆ ರಾತ್ರಿ ಕಾರು ಓಡಿಸಲು ಹೆದರಿಕೆ. ಮೀಸೆಯವರು ಇವರ ಮಗಳ ಕಾಲೇಜು ಗೆಳತಿಯ ಅಪ್ಪ. ಯಾವುದೋ ಮದುವೆಯಲ್ಲಿ ಇಬ್ಬರೂ ಒಂದೇ ಟೇಬಲ್ಲಿಗೆ ಕೂತರು. ಊಟ ಮುಗಿಯುವ ಹೊತ್ತಿಗೆ ಅಕ್ಟೋಬರ್ ನನ್ನದು, ನವೆಂಬರ್ ನಿಮ್ಮದು ಅಂತ ಆಗಿಹೋಗಿತ್ತು.

ನನಗೆ ಇದರಲ್ಲಿ ತಮಾಷೆ ಅನ್ನಿಸಿದ್ದು ಇನ್ನೊಂದು. ತಮ್ಮ ತಮ್ಮ ಊರಿನಲ್ಲಿ ಇಬ್ಬರೂ ಪಂಡಿತರು. ನಲವತ್ತು ವರ್ಷದ ಅನುಭವ. ಇನ್ನೊಬ್ಬರ ಊರಿಗೆ ಹೋದ ತಕ್ಷಣ ಇಬ್ಬರೂ ಒಂದನೇ ಕ್ಲಾಸಿನ ಮಕ್ಕಳು. ಬೇಲಿ ಅಂಕಲ್ ಮೊದಲ ಸಲ ಅಲ್ಲಿಗೆ ಹೋದಾಗ ಹತ್ತು ಸಾವಿರ ಅಡಿ ಎತ್ತರದಲ್ಲಿ ಉಸಿರು ಸಿಗದೆ, ತಲೆ ಸಿಡಿದು, ವಾಂತಿ ಮಾಡಿಕೊಂಡು ಒಂದೂವರೆ ದಿನ ಟೆಂಟಿನಲ್ಲೇ ಬಿದ್ದಿದ್ದರು. ಮೀಸೆಯವರು ಅವರಿಗೆ ಗಂಟೆಗೊಮ್ಮೆ ನೀರು ಕುಡಿಸುತ್ತಿದ್ದರಂತೆ. ‘ನಮ್ಮಮ್ಮನ ಹಾಗೆ ನೋಡಿಕೊಂಡ ಮಾರಾಯ’ ಅನ್ನುವ ಅರ್ಥದಲ್ಲಿ ಇವರು ಹೇಳಿದ್ದರು. ಆ ವರ್ಷ ಎಲ್ಕ್ ಸಿಗಲಿಲ್ಲ. ಅದನ್ನು ಹೇಳುವಾಗ ಅವರಿಗೆ ಬೇಜಾರೇನೂ ಇದ್ದ ಹಾಗೆ ಕಾಣಲಿಲ್ಲ.

ಅದೇ ನವೆಂಬರಿನಲ್ಲಿ ಮೀಸೆಯವರ ಸರದಿ. ಇಲ್ಲಿ ಜಿಂಕೆ ಬೇಟೆಯ ಬಂದೂಕು ಸೀಸನ್ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತದೆ, ಒಂಬತ್ತು ದಿನ. ಐದು ಲಕ್ಷಕ್ಕೂ ಹೆಚ್ಚು ಜನ ಕಾಡು ಹೊಕ್ಕುತ್ತಾರೆ. ಎಲ್ಲರೂ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಅಂಗಿ ತೊಡಬೇಕು. (2016ರಿಂದ ಗುಲಾಬಿಯೂ ಆಗುತ್ತದೆ. ಅಮೆರಿಕದಲ್ಲಿ ಹಾಗೆ ಕಾನೂನು ಮಾಡಿದ ಮೊದಲ ರಾಜ್ಯ ಇದೇ. ಗುಲಾಬಿ ತೊಟ್ಟ ಒಬ್ಬರನ್ನೂ ನಾನು ಇನ್ನೂ ಕಂಡಿಲ್ಲ.) ಶನಿವಾರ ಸಂಜೆ ನಾನೂ ಮಗನೂ ಅವರ ಜಮೀನಿಗೆ ಹೋಗಿದ್ದೆವು. ಹಳೆಯ ಕೊಟ್ಟಿಗೆಯ ತೊಲೆಗೆ ಒಂದು ಗಂಡು ಜಿಂಕೆಯನ್ನು ನೇತು ಹಾಕಿದ್ದರು. ಮೀಸೆಯವರು ಒಲೆಯ ಪಕ್ಕ ಕೂತು ಇನ್ನೂ ನಡುಗುತ್ತಿದ್ದರು. ಅವರ ಊರಿನಲ್ಲಿ ಬೇಟೆ ಅಂದರೆ ನಡೆಯುವುದು, ಹತ್ತುವುದು. ಇಲ್ಲಿ ಮರದ ಮೇಲಿನ ಅಟ್ಟಣೆಯಲ್ಲಿ ಕತ್ತಲಿನಿಂದ ಕತ್ತಲಿನವರೆಗೆ ಅಲ್ಲಾಡದೆ ಕೂರಬೇಕು. ‘ಇದು ಬೇಟೆಯೋ ತಪಸ್ಸೋ?’ ಅಂತ ನನ್ನನ್ನೇ ಕೇಳಿದರು. ಇಂಡಿಯಾದವನಿಗೆ ತಪಸ್ಸಿನ ವಿಷಯ ಗೊತ್ತಿರಬಹುದು ಅಂತ ಇರಬೇಕು.

ಜಿಂಕೆಯ ಈಲಿಯನ್ನು, ಅಂದರೆ ಲಿವರನ್ನು, ಈರುಳ್ಳಿ ಜೊತೆ ಹುರಿದು ಕೊಟ್ಟರು. ಉಪ್ಪು ಬಿಟ್ಟರೆ ಏನಿಲ್ಲ. ಮುಂದಿನ ವರ್ಷದಿಂದ ನನ್ನ ಹೆಂಡತಿ ಕಾಳುಮೆಣಸಿನ ಪುಡಿ ಕಟ್ಟಿ ಕಳಿಸಲು ಶುರು ಮಾಡಿದಳು. ಮೀಸೆಯವರು ಅದನ್ನು ಕೊಲೊರಾಡೊಗೂ ಒಯ್ದರು. ಆ ಬಿಳಿ ಪೆಟ್ಟಿಗೆಯಲ್ಲೇ.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಇದನ್ನೆಲ್ಲ ನೋಡುವಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮ ಅಜ್ಜನಿಗೆ ಘಟ್ಟದ ಕೆಳಗೆ ಒಬ್ಬರು ಸ್ನೇಹಿತರಿದ್ದರು. ಕಾರ್ಕಳದ ಕಡೆಯವರು, ನಾವು ಶೆಟ್ಟರು ಅಂತಲೇ ಕರೆಯುತ್ತಿದ್ದದ್ದು. ಅರವತ್ತರ ದಶಕದಲ್ಲಿ ಮಳೆ ಬಿಟ್ಟ ಮೇಲೆ ಆಗುಂಬೆ ಘಾಟಿ ಹತ್ತಿ ಬರುತ್ತಿದ್ದರಂತೆ, ಹಂದಿ ಬೇಟೆಗೆ. ಬರುವಾಗ ಒಂದು ಚೀಲ ಒಣಮೀನು. ಹೋಗುವಾಗ ಏಲಕ್ಕಿ, ಕಾಫಿಬೀಜ, ಕಿತ್ತಳೆ. ಅಜ್ಜ ತಿರುಗಿ ಅವರ ಊರಿಗೆ ಹೋಗುತ್ತಿದ್ದದ್ದು ಬೇಟೆಗಲ್ಲ, ಕಂಬಳಕ್ಕೆ. ಕೋಣ ಓಡುವುದಕ್ಕೂ ಹಂದಿ ಹೊಡೆಯುವುದಕ್ಕೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ.

ಅಜ್ಜ ಕಥೆ ಹೇಳುವಾಗ ಕೈಯಲ್ಲಿ ಕೋವಿ ಇದ್ದ ಹಾಗೇ ಕೂರುತ್ತಿದ್ದರು. ನಾಲ್ಕೈದು ಜನ ನಾಯಿ ಬಿಟ್ಟುಕೊಂಡು, ಕೂಗು ಹಾಕುತ್ತ ಹಳು ಸೋವುತ್ತ ಬರುವುದು. ಕೋವಿ ಇದ್ದವರು ಬಿಲ್ಲಿಗೆ ನಿಲ್ಲುವುದು. ಬಿಲ್ಲು ಅಂದರೆ ಮಿಗ ದಾಟುವ ಕಂಡಿಯ ಹತ್ತಿರ ಕಾದು ನಿಲ್ಲುವ ಜಾಗ. ಯಾರನ್ನು ಯಾವ ಬಿಲ್ಲಿಗೆ ನಿಲ್ಲಿಸಬೇಕು ಅನ್ನುವುದು ಅಜ್ಜನ ತೀರ್ಮಾನ. ಶೆಟ್ಟರು ಬಂದ ದಿನ ಒಳ್ಳೆಯ ಬಿಲ್ಲು ಶೆಟ್ಟರಿಗೆ. ಊರಿನವರು ಗೊಣಗಿದರೂ ಅಷ್ಟೇ. ಹಂದಿ ಬಿದ್ದ ಮೇಲೆ ಪಾಲು. ಈಡು ಹೊಡೆದವನಿಗೆ ಒಂದು ಪಾಲು ಜಾಸ್ತಿ, ಸೋವಿದವರಿಗೆ ಸಮ ಪಾಲು, ಕೋವಿಗೊಂದು ಪಾಲು, ನಾಯಿಗೂ ಒಂದು ಪಾಲು. ಶೆಟ್ಟರ ಈಡು ತಪ್ಪಿ ಹೋಗಿ ನಾಯಿಗಿಂತ ಕಡಿಮೆ ಮಾಂಸ ಬಂದ ವರ್ಷವೂ ಇತ್ತಂತೆ. ‘ನಾಯಿ ಓಡಿತ್ತು, ನಾನು ನಿಂತಿದ್ದೆ, ನ್ಯಾಯವೇ’ ಅಂದರಂತೆ ಶೆಟ್ಟರು.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೆಲ್ಲ ಮುಗಿಯಿತು. ಮುಗಿಯಬೇಕಾದದ್ದೇ, ನನಗೆ ಅದರ ಬಗ್ಗೆ ಹಳಹಳಿಕೆ ಇಲ್ಲ. ಆದರೆ ನಾನು ಶೆಟ್ಟರನ್ನು ಕಣ್ಣಾರೆ ನೋಡಿದ್ದು ಎಂಬತ್ತರ ದಶಕದಲ್ಲಿ. ಬೇಟೆ ನಿಂತು ಹತ್ತು ವರ್ಷದ ಮೇಲೆ. ಆಗಲೂ ಮಳೆ ಬಿಟ್ಟ ಮೇಲೆ ಬರುತ್ತಿದ್ದರು, ಒಣಮೀನಿನ ಚೀಲದ ಜೊತೆ. ಜಗಲಿಯಲ್ಲಿ ಅಜ್ಜನೂ ಅವರೂ ಸುಮ್ನೆ ಕೂತಿರುತ್ತಿದ್ದರು, ಕವಳ ಹಾಕಿಕೊಂಡು, ಎದುರಿನ ಗುಡ್ಡ ನೋಡಿಕೊಂಡು.

ಇದಕ್ಕೆ ನಮ್ಮಲ್ಲಿ ಒಂದು ಮಾತಿದೆ, ಮುಯ್ಯಿ. ನಾಟಿ ಸಮಯದಲ್ಲಿ ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ನಾಲ್ಕು ಜನ, ನಾಡಿದ್ದು ನಮ್ಮ ಗದ್ದೆಗೆ ನಿಮ್ಮವರು. ಮದುವೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ. ಯಾರು ಎಷ್ಟು ಕೊಟ್ಟರು ಅಂತ ಹೆಸರಿನ ಮುಂದೆ ಬರೆದಿಟ್ಟು, ಅವರ ಮನೆಯ ಮದುವೆಗೆ ಹೋಗುವಾಗ ಆ ಪುಸ್ತಕ ತೆಗೆದು ನೋಡುವುದು. ನೋಡಿ, ಅಷ್ಟೇ ಕೊಡುವುದಲ್ಲ. ಸ್ವಲ್ಪ ಜಾಸ್ತಿ ಕೊಡುವುದು. ಇದು ನಮ್ಮ ಅಜ್ಜಿಯ ಕಟ್ಟುನಿಟ್ಟು. ಅಷ್ಟಕ್ಕಷ್ಟೇ ಕೊಟ್ಟರೆ ‘ತೀರಿಸಿದ ಹಾಗೆ’ ಆಗುತ್ತದೆ ಅನ್ನುತ್ತಿದ್ದರು. ತೀರಿಸಿದ ಹಾಗೆ ಅಂದರೆ ಇನ್ನು ನಮಗೂ ನಿಮಗೂ ಕೊಡುವ ಬಿಡುವ ಬಾಕಿ ಏನಿಲ್ಲ ಅಂತ. ಅಜ್ಜಿಯ ತಲೆಯಲ್ಲಿ ಊರಿನ ಅಷ್ಟೂ ಮನೆಯ ಲೆಕ್ಕ ಇತ್ತು. ಕೇಳಿದರೆ ಮಾತ್ರ, ‘ಅದನ್ನೆಲ್ಲ ಯಾರು ಲೆಕ್ಕ ಇಡ್ತಾರೆ’ ಅನ್ನುತ್ತಿದ್ದರು.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದನ್ನು ಮುಂದೆ ಹೇಳುತ್ತೇನೆ.

ಭಾವ ಆಗುತ್ತದೆ, ಮಾವ ಆಗುವುದಿಲ್ಲ

ಅದಕ್ಕೆ ಮೊದಲು ಕಾನೂನಿನ ಬಗ್ಗೆ ಸ್ವಲ್ಪ. ಇದನ್ನೆಲ್ಲ ಓದಿದ್ದು ಬೇಲಿ ಅಂಕಲ್ ಜೊತೆ ಹರಟುತ್ತಲೇ. ಓದಿದಷ್ಟೂ ಸ್ವಾರಸ್ಯ.

ವೈಯೊಮಿಂಗ್ ರಾಜ್ಯದಲ್ಲಿ ಕೇಂದ್ರ ಸರ್ಕಾರ ‘ವಿಲ್ಡರ್‌ನೆಸ್’ ಅಂತ ಗುರುತಿಸಿದ ಕಾಡಿನಲ್ಲಿ ಹೊರಗಿನವರು ಒಬ್ಬರೇ ಹೋಗಿ ದೊಡ್ಡ ಪ್ರಾಣಿ ಬೇಟೆಯಾಡುವ ಹಾಗಿಲ್ಲ. ಲೈಸೆನ್ಸ್ ಇರುವ ಗೈಡ್ ಬೇಕು. ಇಲ್ಲವಾದರೆ ಆ ರಾಜ್ಯದವರೇ ಒಬ್ಬರು ಜೊತೆಗಿರಬೇಕು. ಅವರಿಗೆ ಬೇರೆ ಒಂದು ಪರವಾನಗಿ ಪುಕ್ಕಟೆ ಕೊಡುತ್ತಾರೆ. ವರ್ಷಕ್ಕೆ ಇಬ್ಬರನ್ನು ಮಾತ್ರ ಕರೆದೊಯ್ಯಬಹುದು, ಒಂದು ಕಾಸೂ ಮುಟ್ಟುವ ಹಾಗಿಲ್ಲ. ಅಂದರೆ ಸ್ನೇಹಕ್ಕೇ ಒಂದು ಲೈಸೆನ್ಸು.

ಅಲಾಸ್ಕಾದ್ದು ಇನ್ನೂ ಚೆಂದ. ಅಲ್ಲಿ ಕಂದು ಕರಡಿ, ಡಾಲ್ ಅನ್ನುವ ಕಾಡು ಕುರಿ, ಬೆಟ್ಟದ ಮೇಕೆ ಈ ಮೂರಕ್ಕೆ ಹೊರ ರಾಜ್ಯದವರು ಗೈಡ್ ಇಟ್ಟುಕೊಳ್ಳಲೇಬೇಕು. ಇಲ್ಲವೇ ಅಲ್ಲಿ ನೆಲೆಸಿರುವ ಹತ್ತಿರದ ನೆಂಟರು ಜೊತೆಗಿರಬೇಕು, 19 ವರ್ಷ ತುಂಬಿದವರು. ಹತ್ತಿರದ ನೆಂಟರು ಯಾರು ಅಂತ ಪಟ್ಟಿಯೇ ಇದೆ. ಅಪ್ಪ, ಅಮ್ಮ, ಮಕ್ಕಳು, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಅಳಿಯ, ಸೊಸೆ, ಅತ್ತೆ, ಮಾವ, ಭಾವಮೈದುನ. ಇಲ್ಲಿ ಮಾವ ಅಂದರೆ ಹೆಣ್ಣು ಕೊಟ್ಟ ಮಾವ. ಸೋದರಮಾವ ಪಟ್ಟಿಯಲ್ಲಿ ಇಲ್ಲ! ಚಿಕ್ಕಪ್ಪ ದೊಡ್ಡಪ್ಪಂದಿರೂ ಇಲ್ಲ. ಇದನ್ನು ಊರಿಗೆ ಫೋನ್ ಮಾಡಿ ನನ್ನ ಸೋದರಮಾವನಿಗೆ ಹೇಳಿದೆ. ‘ಹಾಗಾದರೆ ಆ ದೇಶದಲ್ಲಿ ಮದುವೆ ಹೇಗೆ ಮಾಡ್ತಾರೋ?’ ಅಂದರು.

ದುಡ್ಡು ಮುಟ್ಟುವ ಹಾಗಿಲ್ಲ ಅನ್ನುವುದಕ್ಕೆ ಕಾರಣ ಇದೆ. 19ನೇ ಶತಮಾನದಲ್ಲಿ ಮಾರುಕಟ್ಟೆಗೆ ಮಾಂಸ, ಟೋಪಿಗೆ ಗರಿ ಅಂತ ಹೊಡೆದು ಹೊಡೆದು ಈ ದೇಶದ ಕಾಡು ಬರಿದಾಗಿತ್ತು. 1900ರಲ್ಲಿ ಬಂದ ಲೇಸಿ ಕಾಯ್ದೆ, ಒಂದು ರಾಜ್ಯದಲ್ಲಿ ಕಳ್ಳತನದಿಂದ ಹೊಡೆದದ್ದನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸುವುದನ್ನು ಅಪರಾಧ ಮಾಡಿತು. ಮುಂದೆ ಅದಕ್ಕೆ ಇನ್ನೊಂದು ಮಾತು ಸೇರಿಸಿದರು. ಕಾನೂನು ಮೀರಿದ ಬೇಟೆಗೆ ಯಾರಾದರೂ ಹಣಕ್ಕೋ ಬೇರೆ ಪ್ರತಿಫಲಕ್ಕೋ ದಾರಿ ತೋರಿಸಿದರೆ ಅದು ಪ್ರಾಣಿಯನ್ನೇ ಮಾರಿದ್ದಕ್ಕೆ ಸಮ ಅಂತ. ‘ಬೇರೆ ಪ್ರತಿಫಲ’ ಅನ್ನುವ ಮಾತು ನೋಡಿ. ಕೊಲೊರಾಡೊದಲ್ಲೂ ಪ್ರತಿಫಲಕ್ಕೆ ಬೇಟೆ ಆಡಿಸುವವರು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಮೀಸೆಯವರು ಇದಕ್ಕೆ ಹೆದರುತ್ತಿದ್ದರು. ಯಾರಾದರೂ ‘ವಿನಿಮಯ’ ಅಂದರೆ ಮುಖ ಸಿಂಡರಿಸಿ, ‘ವಿನಿಮಯ ಏನಿಲ್ಲ, ಅವರು ನನ್ನ ಸ್ನೇಹಿತರು, ನಾನು ಅವರ ಮನೆಗೆ ಬಂದಿದ್ದೀನಿ’ ಅನ್ನುತ್ತಿದ್ದರು. ಆಗ ನನಗೆ ಅದು ಕಾನೂನಿನ ಜಾಣತನ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಒಯ್ಯುವುದಕ್ಕೂ ನಿಯಮ ಇದೆ. ಜಿಂಕೆ ಜಾತಿಗೆ ಬರುವ, ಮೆದುಳನ್ನು ಹಾಳು ಮಾಡುವ ಒಂದು ರೋಗ ಎರಡೂ ರಾಜ್ಯದಲ್ಲಿದೆ. ಕೊಲೊರಾಡೊದಲ್ಲಿ 1967ರಲ್ಲಿ, ಇಲ್ಲಿ 2002ರಲ್ಲಿ ಮೊದಲು ಪತ್ತೆ ಆದದ್ದು, ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಮೌಂಟ್ ಹೋರೆಬ್ ಹತ್ತಿರ. ಹಾಗಾಗಿ ಮೆದುಳು, ಬೆನ್ನುಮೂಳೆ ಗಡಿ ದಾಟಿಸಬಾರದು. ಮೂಳೆ ಬಿಡಿಸಿದ ಮಾಂಸ ಆಗುತ್ತದೆ. ಭಾನುವಾರ ಇಡೀ ದಿನ ಇಬ್ಬರೂ ಕೂತು ಮೂಳೆ ಬಿಡಿಸಿ, ಕಾಗದ ಸುತ್ತಿ, ಆ ಬಿಳಿ ಪೆಟ್ಟಿಗೆ ತುಂಬುತ್ತಿದ್ದರು. ಮೇಲೆ ಒಂದಷ್ಟು ಚೀಸು, ಮೇಪಲ್ ಸಿರಪ್ಪಿನ ಬಾಟಲಿ.

ಅಂದ ಹಾಗೆ, ರಾಜ್ಯ ರಾಜ್ಯಗಳೇ ಇಂಥ ಮುಯ್ಯಿ ಮಾಡಿಕೊಂಡದ್ದೂ ಇದೆ. ವಿಸ್ಕಾನ್ಸಿನ್‌ನಲ್ಲಿ ಕಾಡು ಟರ್ಕಿ ಕೋಳಿ ನೂರು ವರ್ಷದ ಹಿಂದೆಯೇ ನಿರ್ನಾಮವಾಗಿತ್ತು. 1976ರಲ್ಲಿ ಮಿಸೌರಿಯಿಂದ 29 ಟರ್ಕಿ ತಂದು ಬಿಟ್ಟರು. ಬದಲಿಗೆ ಮಿಸೌರಿಗೆ ಇಲ್ಲಿಂದ ಹೋದದ್ದು ಗ್ರೌಸ್ ಅನ್ನುವ ಕಾಡುಕೋಳಿಯಂಥ ಹಕ್ಕಿ. 1983ರ ಹೊತ್ತಿಗೆ ಟರ್ಕಿ ಬೇಟೆಗೇ ಲೈಸೆನ್ಸ್ ಕೊಡುವಷ್ಟಾಯಿತು. ಬಿಟ್ಟದ್ದು ಎಲ್ಲಿ ಅಂತೀರಿ? ಇದೇ ವರ್ನನ್ ಕೌಂಟಿಯಲ್ಲಿ. ಬೇಲಿ ಅಂಕಲ್ ಜಮೀನಿಗೆ ಕಾಲಿಟ್ಟರೆ ಈಗ ಜಿಂಕೆಗಿಂತ ಮೊದಲು ಅವೇ ಕಾಣುತ್ತವೆ.

ಫೋನಿನಲ್ಲೊಂದು ಚುಕ್ಕಿ

ಐದು ವರ್ಷ ಹೀಗೇ ನಡೆಯಿತು. ಮೀಸೆಯವರಿಗೆ ನಾಲ್ಕು ಜಿಂಕೆ ಸಿಕ್ಕಿದವು. ಬೇಲಿ ಅಂಕಲ್‌ಗೆ ನಾಲ್ಕು ವರ್ಷ ಏನೂ ಇಲ್ಲ. ಐದನೇ ವರ್ಷ ಒಂದು ಗಂಡು ಎಲ್ಕ್. ಅದನ್ನು ಕಣಿವೆಯಿಂದ ಹೊತ್ತು ತರಲು ಇಬ್ಬರಿಗೂ ಎರಡು ದಿನ ಹಿಡಿಯಿತಂತೆ.

ಯಾವ ಕಣಿವೆ ಅಂತ ನಾನು ಬರೆಯುವುದಿಲ್ಲ. ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್ ಅಂತ ಹೇಳಬಹುದು, ಅದು 20 ಲಕ್ಷ ಎಕರೆಗೂ ಜಾಸ್ತಿ ಇದೆ. ಹೇಳಿದರೂ ಹೇಳದ ಹಾಗೆ. ಆದರೆ ಇಲ್ಲೇ ಈ ಕೊಡುಕೊಳ್ಳುವಿಕೆಯ ಒಂದು ಡೊಂಕು ಇರುವುದು, ನನಗೆ ತಡವಾಗಿ ಕಂಡದ್ದು. ಬೇಲಿ ಅಂಕಲ್ ಕೊಡುವುದು ತಮ್ಮ ಸ್ವಂತ ಜಮೀನು. ಬೇಲಿ ಇದೆ, ಬೀಗ ಇದೆ. ಅತಿಥಿ ಹೊರಟ ಮೇಲೆ ಗೇಟು ಹಾಕಿಕೊಂಡರಾಯಿತು. ಮೀಸೆಯವರ ಹತ್ತಿರ ಜಮೀನೇ ಇಲ್ಲ. ಅವರು ಬೇಟೆಯಾಡುವುದು ಸಾರ್ವಜನಿಕ ಕಾಡಿನಲ್ಲಿ. ಅವರು ಕೊಡುತ್ತಿದ್ದದ್ದು ಒಂದು ಗುರುತು. ಯಾವ ನೀರಿನ ಹತ್ತಿರ, ಯಾವ ಗಾಳಿಗೆ, ಎಷ್ಟು ಹೊತ್ತಿಗೆ. ಮೂವತ್ತು ವರ್ಷ ನಡೆದು ನಡೆದು ಕಲಿತದ್ದು. ಒಮ್ಮೆ ತೋರಿಸಿದ ಮೇಲೆ ಅದಕ್ಕೆ ಗೇಟು ಎಲ್ಲಿಂದ ತರುವುದು? ನಮ್ಮ ಅಜ್ಜಿ ಮೊದಲ ಮಳೆಗೆ ಅಣಬೆ ಏಳುವ ಜಾಗವನ್ನು ಹೆತ್ತ ಮಕ್ಕಳಿಗೂ ಹೇಳಿರಲಿಲ್ಲ. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಬೆಳಗಿನ ಜಾವ ಒಬ್ಬರೇ ಹೋಗುತ್ತಿದ್ದರು, ಬರುವಾಗ ಬೇರೆ ದಾರಿಯಲ್ಲಿ ಬರುತ್ತಿದ್ದರು.

ಬೇಲಿ ಅಂಕಲ್ ಎಲ್ಕ್ ಬಿದ್ದ ಜಾಗಕ್ಕೆ ಫೋನಿನ ನಕ್ಷೆಯಲ್ಲಿ ಒಂದು ಚುಕ್ಕಿ ಇಟ್ಟುಕೊಂಡಿದ್ದರು. ಕೆಟ್ಟ ಉದ್ದೇಶದಿಂದಲ್ಲ, ನೆನಪಿಗೆ. ಆ ಕ್ರಿಸ್ಮಸ್‌ಗೆ ಅವರ ಹೆಂಡತಿಯ ತಮ್ಮ ಬಂದಿದ್ದರು. ಎಲ್ಕ್ ಮಾಂಸದ ಊಟ, ಬೀರು, ಬೇಟೆಯ ಕಥೆ. ‘ಎಲ್ಲಿ ಅದು?’ ಅಂತ ಅವರು ಕೇಳಿದರು. ಇವರು ಫೋನ್ ತೋರಿಸಿದರು. ‘ಕಳಿಸಿ ನೋಡೋಣ’ ಅಂದರು. ಇವರು ಕಳಿಸಿದರು. ಇಷ್ಟೇ ನಡೆದದ್ದು. ನಾನೂ ಆ ಊಟದಲ್ಲಿದ್ದೆ, ನನಗೂ ಏನೂ ಅನ್ನಿಸಲಿಲ್ಲ.

ಮುಂದಿನ ಅಕ್ಟೋಬರಿನಲ್ಲಿ ಬೇಲಿ ಅಂಕಲ್ ಮಂಡಿಯ ಆಪರೇಷನ್ ಆಗಿ ಮನೆಯಲ್ಲಿದ್ದರು. ಮೀಸೆಯವರು ತಮ್ಮ ಮಗನನ್ನು ಕರೆದುಕೊಂಡು ಹೋದರು, ಹುಡುಗನ ಮೊದಲ ಎಲ್ಕ್ ಸೀಸನ್. ಕಾಲುದಾರಿ ಶುರುವಾಗುವಲ್ಲಿ ವಿಸ್ಕಾನ್ಸಿನ್ ನಂಬರಿನ ಟ್ರಕ್ ನಿಂತಿತ್ತು. ಮೇಲೆ ಹೋದರೆ ನೀರಿನ ಪಕ್ಕದಲ್ಲೇ ಟೆಂಟು. ಒಳಗಿಂದ ಭಾವಮೈದುನ ಹೊರಗೆ ಬಂದು ಖುಷಿಯಾಗಿ ಕೈ ಕುಲುಕಿದರಂತೆ. ‘ಓ, ಅವರು ನೀವೇನಾ!’

ಆ ರಾತ್ರಿ ಮೀಸೆಯವರು ಫೋನ್ ಮಾಡಿದರು. ಬೈಯಲಿಲ್ಲ. ‘ನಿಮ್ಮ ಭಾವಮೈದುನ ಒಳ್ಳೆಯವರು. ಸ್ವಲ್ಪ ಕೆಳಗೆ ಹೋದರೆ ನೀರು ಇನ್ನೂ ಚೆನ್ನಾಗಿದೆ ಅಂತ ತೋರಿಸಿಕೊಟ್ಟೆ’ ಅಂದರಂತೆ. ಆ ನವೆಂಬರಿನಲ್ಲಿ ಅವರು ಇಲ್ಲಿಗೆ ಬರಲಿಲ್ಲ. ಹಿಂದಿನ ವರ್ಷ ಕಾರಿನಲ್ಲಿ ಜಾಗ ಸಾಲದೆ ಬಿಟ್ಟು ಹೋಗಿದ್ದ ಪೆಟ್ಟಿಗೆ ಇಲ್ಲೇ ಉಳಿಯಿತು.

ಭಾವಮೈದುನ ಮಾಡಿದ್ದರಲ್ಲಿ ಕಾನೂನಿನ ತಪ್ಪು ಒಂದೂ ಇಲ್ಲ. ಲೈಸೆನ್ಸ್ ಇತ್ತು, ಕಾಡು ಎಲ್ಲರದ್ದು. ಬೇಲಿ ಅಂಕಲ್ ಇದನ್ನೇ ಹಿಡಿದುಕೊಂಡರು. ಮೊದಲು ನಾಚಿಕೆ ಪಟ್ಟರು, ಒಂದು ವಾರ ಆದ ಮೇಲೆ ಸಿಟ್ಟು ಬಂತು. ತಪ್ಪು ನಮ್ಮದಾದಾಗ ಹೀಗೇ ಆಗುತ್ತದಲ್ವಾ. ಒಂದು ಸಂಜೆ ನಮ್ಮ ಅಡುಗೆಮನೆಯ ಟೇಬಲ್ಲಿಗೆ ಬಂದು ಕೂತರು. ‘ಐದು ವರ್ಷ ಅವರಿಗೆ ನನ್ನ ಅತಿ ಒಳ್ಳೆಯ ಅಟ್ಟಣೆ ಕೊಟ್ಟಿದ್ದೀನಿ. ನನ್ನ ಸ್ವಂತ ಅಣ್ಣ ಕೇಳಿದರೂ ಕೊಟ್ಟಿರಲಿಲ್ಲ. ನಾನು ಕೊಟ್ಟದ್ದು ಕಡಿಮೆಯಾ? ನೀವು ಲೆಕ್ಕದವರು, ಹೇಳಿ.’

ನಾನು ಲೆಕ್ಕ ಮಾಡಿದೆ. ಕರೆಂಟ್ ಬಿಲ್ಲಿನ ಲಕೋಟೆಯ ಹಿಂದೆ, ಎರಡು ಕಾಲಂ ಹಾಕಿ. ಜಿಂಕೆ ನಾಲ್ಕು, ಒಂದೊಂದರಿಂದ 22–23 ಕಿಲೋ ಮಾಂಸ, ಒಟ್ಟು 90. ಎಲ್ಕ್ ಒಂದು, ಮೂಳೆ ಬಿಡಿಸಿ 90. ಇವರು ಅಲ್ಲಿ ಇದ್ದ ದಿನ, ಅವರು ಇಲ್ಲಿ ಇದ್ದ ದಿನ. ಪೆಟ್ರೋಲು. ಊಟ. ಮೆಣಸಿನ ಪುಡಿಯನ್ನೂ ಬರೆದೆ, ತಮಾಷೆಗೆ. ಕೂಡಿಸಿದರೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಬಂತು. ನನಗೆ ಒಂಥರಾ ಖುಷಿಯೇ ಆಯಿತು. ‘ನೋಡಿ, ಸಮ ಇದೆ. ಯಾರೂ ಯಾರಿಗೂ ಬಾಕಿ ಇಲ್ಲ’ ಅಂದೆ. ಅವರಿಗೆ ಸಮಾಧಾನ ಆಗಲಿ ಅಂತ ಹೇಳಿದ್ದು. ಸಮಾಧಾನ ಆಯಿತು ಕೂಡ. ಲಕೋಟೆ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಆ ರಾತ್ರಿಯೇ ಮೀಸೆಯವರಿಗೆ ಬರೆದರಂತೆ. ಎಲ್ಲ ಲೆಕ್ಕ ನೋಡಿದ್ದೀನಿ, ನಾವಿಬ್ಬರೂ ಸಮ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದು ಬೇಡ ಅಂತ.

ಅದಕ್ಕೆ ಉತ್ತರ ಬರಲಿಲ್ಲ. ಬರುವುದಾದರೂ ಹೇಗೆ? ಮುಯ್ಯಿ ಪುಸ್ತಕ ನೋಡಿ ಅಷ್ಟಕ್ಕಷ್ಟೇ ಕೊಟ್ಟು ಬಂದ ಹಾಗಾಯಿತು. ಅದೂ ಕಾಳುಮೆಣಸನ್ನು ಸೇರಿಸಿ. ಅಜ್ಜಿ ಇದ್ದಿದ್ದರೆ ಆ ಲಕೋಟೆಯನ್ನು ಒಲೆಗೆ ಹಾಕುತ್ತಿದ್ದರು.

ನಾನು ಶೆಟ್ಟರನ್ನು ನೆನೆದು ಈ ಕಾಲದವರನ್ನು ಹಳಿಯಲು ಹೊರಟಿಲ್ಲ. ಶೆಟ್ಟರು ಯಾವ ಕಂಡಿಯಲ್ಲಿ ಹಂದಿ ದಾಟುತ್ತದೆ ಅಂತ ಎಂದೂ ಕೇಳಲಿಲ್ಲ ನಿಜ. ಆದರೆ ಕೇಳಿ ತಿಳಿದುಕೊಂಡಿದ್ದರೂ ಅವರ ಭಾವಮೈದುನ ಘಾಟಿ ಹತ್ತಿ, ಊರಿನ ನಾಯಿಗಳನ್ನು ದಾಟಿ, ಸೋವುವವರಿಲ್ಲದೆ ಅಲ್ಲಿ ನಿಂತು ಮಾಡುವುದೇನಿತ್ತು? ಆ ಗುರುತಿಗೆ ಊರೇ ಬೇಲಿಯಾಗಿತ್ತು. ಚುಕ್ಕಿಗೆ ಆ ಬೇಲಿ ಇಲ್ಲ.

ಪೆಟ್ಟಿಗೆ

ಮೊನ್ನೆ ಏಪ್ರಿಲಿನಲ್ಲಿ, ಕೊನೆಯ ಸ್ನೋ ಕರಗಿದ ಮೇಲೆ, ಮಷೀನು ವಾಪಸ್ ಕೊಡಲು ಹೋಗಿದ್ದೆ. ಅವರೇ ಮೊದಲ ಸಲ ಪೆಟ್ಟಿಗೆಯ ಮಾತು ತೆಗೆದರು. ಕಳಿಸಿಬಿಡಬೇಕು, ಆದರೆ ಖಾಲಿ ಪೆಟ್ಟಿಗೆಗೆ ಅಷ್ಟು ದುಡ್ಡು ಕೊಟ್ಟು ಕೊರಿಯರ್ ಮಾಡುವುದಾ, ಹೊಸದೇ ಬರುತ್ತದಲ್ಲ ಅಂದರು. ನಾನು ಆಗ ಹೇಳಿದೆ. ನಮ್ಮಲ್ಲಿ ಪಕ್ಕದ ಮನೆಯವರು ಪಾತ್ರೆಯಲ್ಲಿ ಏನಾದರೂ ಕೊಟ್ಟರೆ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಸ್ವಲ್ಪ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಇಷ್ಟು ವರ್ಷದಿಂದ ನನ್ನ ಹೆಂಡತಿ ನಿಮ್ಮ ಡಬ್ಬಿಗಳನ್ನೆಲ್ಲ ತುಂಬಿಸಿ ಕೊಡುತ್ತಿದ್ದದ್ದು ಅದಕ್ಕೇ, ನೀವು ಗಮನಿಸಿರಲಿಲ್ಲವಾ ಅಂತ ಕೇಳಿದೆ. ಜೊತೆಗೆ ಲಕೋಟೆಯ ಲೆಕ್ಕ ತಪ್ಪು, ನನ್ನದೇ ತಪ್ಪು ಅಂತಲೂ ಹೇಳಿದೆ. ಕೂಡುವುದರಲ್ಲಿ ತಪ್ಪಿದೆಯಾ ಅಂತ ಕೇಳಿದರು. ಇಲ್ಲ, ಕೂಡಿದ್ದೇ ತಪ್ಪು ಅಂದೆ. ಅವರಿಗೆ ಅರ್ಥ ಆಯಿತೋ ಇಲ್ಲವೋ. ‘ಹ್ಮ್’ ಅಂದರು.

ಕಳೆದ ಶನಿವಾರ ಕಸ ಹಾಕಲು ಹೊರಗೆ ಬಂದರೆ ಪೆಟ್ಟಿಗೆ ಅವರ ಮನೆ ಮುಂದೆ ಬಿಸಿಲಿನಲ್ಲಿತ್ತು. ತೊಳೆದಿದ್ದರು, ಮುಚ್ಚಳ ತೆರೆದಿತ್ತು. ಹಸಿರು ಹಗ್ಗ ಬಿಚ್ಚಿ ಪಕ್ಕಕ್ಕಿಟ್ಟು, ನೆಲದ ಮೇಲೆ ಕೂತು ಹೊಸ ಹಿಡಿಗೆ ಸ್ಕ್ರೂ ತಿರುಗಿಸುತ್ತಿದ್ದರು. ನನ್ನನ್ನು ನೋಡಿ ತಲೆ ಎತ್ತಿದರು.

‘ನಿಮ್ಮಲ್ಲಿ ಸಕ್ಕರೆ ಅಂದರೆ ಎಷ್ಟು ಹಾಕ್ತಾರೆ?’

‘ಒಂದು ಮುಷ್ಟಿ.’

ಅವರು ಪೆಟ್ಟಿಗೆಯ ಒಳಗೆ ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

‘ಇದಕ್ಕೆ?’